ಕನ್ನಡಿ ಹಿಡಿದವಳು

ನನ್ನ ಬಳಿ ಸೂರಕ್ಕಿಯ ಚಿತ್ರಗಳು ಒಂದು ಟ್ರಂಕಿನ ತುಂಬ ಇವೆ. ಗೂಡು ಹೆಣೆಯುವ ಸೂರಕ್ಕಿ, ಜೇಡ ಕಚ್ಚಿಕೊಂಡು ಬಂದ ಸೂರಕ್ಕಿ, ದಾಳಿಂಬೆ ಹೂವಿಗೆ ತಲೆಕೆಳಗಾಗಿ ಜೋತುಬಿದ್ದ ಸೂರಕ್ಕಿ. ನನ್ನ ಹೆಂಡತಿಯ ಚಿತ್ರ ಮಾತ್ರ ಒಂದೂ ಇಲ್ಲ. ಮನೆಗೆ ಬಂದವರು ಕೇಳಿದಾಗ, ಆ ಕಾಲದಲ್ಲಿ ಹೆಂಗಸರ ಫೋಟೋ ತೆಗೆಸುವ ರೂಢಿ ಇರಲಿಲ್ಲ ಎಂದು ಮಾತು ಹಾರಿಸುತ್ತೇನೆ. ಅದು ಸುಳ್ಳು. ಒಂದು ಚಿತ್ರ ಇತ್ತು. ಅದು ಹೇಗೆ ಹಾಳಾಯಿತು ಎಂಬುದನ್ನು ಬರೆದಿಡುತ್ತೇನೆ. ಬರೆದರೆ ಎದೆ ಹಗುರಾದೀತು ಎಂಬ ಭ್ರಮೆ ನನಗಿಲ್ಲ.

ಆಗ ಎರಡನೆಯ ಮಹಾಯುದ್ಧ ನಡೆದಿತ್ತು. ನಾನು ಹೊಸಪೇಟೆ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತ. ಸಂಡೂರಿನ ಗುಡ್ಡಗಳಿಂದ ಬರುವ ಅದಿರು, ಕಂಪ್ಲಿಯ ಅಕ್ಕಿ, ಸುತ್ತಲಿನ ಗಾಣಗಳ ಬೆಲ್ಲ, ಎಲ್ಲಕ್ಕೂ ರಸೀದಿ ಬರೆಯುವುದು ನನ್ನ ಕೆಲಸ. ಸಂಜೆ ಮನೆಗೆ ಬಂದರೆ ಅಂಗಿಯ ಕಾಲರಿನ ಒಳಗೂ ಅದಿರಿನ ಧೂಳು ಇರುತ್ತಿತ್ತು. ಸಂಡೂರಿನ ಗಣಿಯಲ್ಲಿದ್ದ ಬಿಳಿಯ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ಮಡಿಚುವ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ತಲೆಯ ಮೇಲೆ ಹೊದ್ದುಕೊಳ್ಳುವ ಕರಿ ಬಟ್ಟೆ ಎಲ್ಲವನ್ನೂ ನನಗೆ ಕೊಟ್ಟುಹೋದ. ಅವನ ಸಾಮಾನನ್ನು ರೈಲಿಗೆ ಹಾಕಿಸಲು ನಾನು ಪಟ್ಟ ಪಾಡು ಅಷ್ಟಿತ್ತು. ಗಾಜಿನ ಪ್ಲೇಟಿನ ಮೇಲೆ ಚಿತ್ರ ಮೂಡಿಸುವ ಕಾಲ ಅದು. ಯುದ್ಧದಿಂದಾಗಿ ಪ್ಲೇಟು, ಕಾಗದ ಎರಡೂ ಅಪರೂಪವಾಗಿದ್ದವು. ಒಂದು ಪ್ಲೇಟು ಖರ್ಚು ಮಾಡುವ ಮೊದಲು ಹತ್ತು ಸಲ ಯೋಚಿಸುತ್ತಿದ್ದೆ.

ನನ್ನ ಹೆಂಡತಿ ನನ್ನ ಅಕ್ಕನ ಮಗಳೇ. ಅಕ್ಕನನ್ನು ಕಂಪ್ಲಿ ಕಡೆಯ ಮೆಟ್ರಿ ಎಂಬ ಹಳ್ಳಿಗೆ ಕೊಟ್ಟಿತ್ತು. ಮಗಳನ್ನು ತೊಟ್ಟಿಲಲ್ಲಿ ತೂಗಿದವನಿಗೇ ಮುಂದೆ ಆಕೆಯನ್ನು ಕೊಟ್ಟು ಮದುವೆ ಮಾಡಿದರು. ನಮ್ಮ ಕಡೆ ಇದು ಹೊಸದಲ್ಲ. ಜನರ ಎದುರಿಗೆ ಅವಳು ನನಗೆ ರೀ ಎನ್ನುವಳು. ಹಿತ್ತಿಲಲ್ಲಿ ಇಬ್ಬರೇ ಇದ್ದಾಗ ನಾನು ಹಳೆಯ ಮಾಮಾನೇ. ನಾನು ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವನು. ಅವಳು ಆ ಸಿಟ್ಟನ್ನು ನೋಡಿ ಬಾಯಿಗೆ ಸೆರಗು ಇಟ್ಟುಕೊಂಡು ನಗುವವಳು. ನಗುವುದನ್ನು ಕಂಡು ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಹಿತ್ತಿಲಿನ ದಾಳಿಂಬೆ ಗಿಡದಲ್ಲಿ ಸೂರಕ್ಕಿ ಗೂಡು ಕಟ್ಟಿದ್ದನ್ನು ಮೊದಲು ನೋಡಿದವಳು ಅವಳೇ. ಹೆಬ್ಬೆರಳಿನಷ್ಟು ಹಕ್ಕಿ. ಗಂಡು ಬಿಸಿಲಿನಲ್ಲಿ ನೀಲಿ ಹೊಳೆಯುತ್ತದೆ, ಹೆಣ್ಣು ಒಣ ಎಲೆಯ ಬಣ್ಣ. ಜೇಡರ ಬಲೆ, ತೊಗಟೆಯ ಚೂರು, ಹರಿದ ಕಾಗದ ಸೇರಿಸಿ ಕೊಂಬೆಯ ತುದಿಗೆ ಒಂದು ಸಣ್ಣ ಚೀಲದಂತೆ ಗೂಡನ್ನು ಇಳಿಬಿಟ್ಟಿತ್ತು. ಅವಳು ಆ ಹೆಣ್ಣು ಹಕ್ಕಿಗೆ ಸಣ್ಣಾಕಿ ಎಂದು ಹೆಸರಿಟ್ಟಳು. ಗೂಡಿನ ಸುತ್ತ ನಾಲ್ಕು ಮಾರಿನೊಳಗೆ ಒಗೆದ ಬಟ್ಟೆ ಒಣಹಾಕುವುದನ್ನೂ ನಿಲ್ಲಿಸಿದಳು.

ಗೂಡಿನ ಬಾಯಿ ನೆರಳಿಗಿತ್ತು. ನೆರಳಿನಲ್ಲಿ ತೆಗೆದರೆ ಹಕ್ಕಿಯ ಬದಲು ಒಂದು ಮಸಿಯ ಬೊಟ್ಟು ಬರುತ್ತಿತ್ತು. ಕೊಂಬೆಗಳನ್ನು ಹಗ್ಗದಿಂದ ಹಿಂದಕ್ಕೆ ಕಟ್ಟಿ ಬಿಸಿಲು ಬಿಡಬಹುದು, ಅನೇಕರು ಹಾಗೆ ಮಾಡುತ್ತಿದ್ದರು. ಮರಿಗಳು ಬೆಂದು ಸಾಯುತ್ತವೆ ಎಂದು ಅವಳು ಅಡ್ಡ ನಿಂತಳು. ಬದಲಿಗೆ ತವರಿನಿಂದ ತಂದಿದ್ದ ಕನ್ನಡಿಯನ್ನು ತಂದು, ಬಿಸಿಲಿಗೆ ಹಿಡಿದು, ಬೆಳಕನ್ನು ಗೂಡಿನ ಬಾಯಿಗೆ ಎಸೆದಳು. ಮೊದಲ ದಿನ ಗಂಡು ಸೂರಕ್ಕಿ ಕನ್ನಡಿಯಲ್ಲಿ ತನ್ನನ್ನೇ ಕಂಡು ವೈರಿ ಬಂದನೆಂದು ಕುಕ್ಕಿ ಕುಕ್ಕಿ ದಣಿಯಿತು. ಮರುದಿನ ಅವಳು ನನ್ನ ಹಳೆಯ ಧೋತರದ ತೆಳುವಾದ ತುಂಡನ್ನು ಕನ್ನಡಿಯ ಮೇಲೆ ಬಿಗಿದು ಕಟ್ಟಿದಳು. ಹಕ್ಕಿಗೆ ವೈರಿ ಕಾಣಲಿಲ್ಲ. ಬೆಳಕೂ ಕಣ್ಣು ಕುಕ್ಕದೆ ಮೃದುವಾಗಿ ಬಿತ್ತು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಹಾಗೆ ಹತ್ತು ಹನ್ನೆರಡು ದಿನ, ಕೆಲಸಕ್ಕೆ ಹೋಗುವ ಮೊದಲು, ನಾನು ಕ್ಯಾಮೆರಾಕ್ಕೆ ಕಟ್ಟಿದ ಉದ್ದನೆಯ ರಬ್ಬರ್ ಕೊಳವೆಯ ತುದಿಯ ಗಾಳಿಚೆಂಡನ್ನು ಹಿಡಿದು ಕೂತಿರುತ್ತಿದ್ದೆ. ಚೆಂಡನ್ನು ಅಮುಕಿದರೆ ಚಿತ್ರ. ಅವಳು ಗಿಡದ ಎಡಕ್ಕೆ ಕನ್ನಡಿ ಹಿಡಿದು ನಿಂತಿರುತ್ತಿದ್ದಳು. ಕೈ ನಡುಗಿದರೆ ಬೆಳಕು ನಡುಗುತ್ತದೆ ಎಂದು ನಾನು ಗದರುತ್ತಿದ್ದೆ. ಒಂದು ದಿನ ಸಣ್ಣಾಕಿ ಜೇಡ ಕಚ್ಚಿಕೊಂಡು ಬಂದು ಗೂಡಿನ ಬಾಯಿಗೆ ಕೂತಿತು. ಎರಡು ಮರಿಗಳೂ ಬಾಯಿ ತೆರೆದು ತಲೆ ಹೊರಗೆ ಚಾಚಿದವು. ನಾನು ಚೆಂಡು ಅಮುಕಿದೆ. ಅಂಥ ಗಳಿಗೆ ಎರಡನೇ ಸಲ ಸಿಕ್ಕಿಲ್ಲ.

ಪ್ಲೇಟನ್ನು ತೊಳೆದು, ಒಂದು ಪ್ರತಿ ತೆಗೆದು ನೋಡಿದರೆ ಎಡ ಮೂಲೆಯಲ್ಲಿ ಅವಳ ಮುಖ ಇತ್ತು. ಮರಿಗಳನ್ನು ನೋಡುವ ಆಸೆಗೆ ತಲೆ ಮುಂದೆ ಚಾಚಿದ್ದಳು. ಮುಖ ಹುಣಸೆ ಬೀಜಕ್ಕಿಂತ ತುಸು ದೊಡ್ಡದು, ಅಷ್ಟೇ. ತಲೆಯ ಮೇಲೆ ಸೆರಗು, ಮೂಗಿನಲ್ಲಿ ಹೊಳೆಯುವ ಮೂಗುತಿ, ಮರಿಗಳ ಹಾಗೆಯೇ ಅರ್ಧ ತೆರೆದ ಬಾಯಿ. ಹಿಡಿದಿದ್ದ ಕನ್ನಡಿ ಚಿತ್ರದಿಂದ ಆಚೆಗಿತ್ತು. ಅವಳು ಅದನ್ನು ನೋಡಿ ನಕ್ಕಿದ್ದೇ ನಕ್ಕಿದ್ದು. ತನ್ನ ಮುಖವನ್ನು ಕಾಗದದ ಮೇಲೆ ಅವಳು ನೋಡಿದ್ದು ಅದೇ ಮೊದಲು.

ನಾವು ನಾಲ್ಕು ಜನರ ಒಂದು ಕೂಟವಿತ್ತು. ಬಳ್ಳಾರಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಹಿರಿಯರು, ಕಂಪ್ಲಿಯ ಅಕ್ಕಿ ಗಿರಣಿಯ ಯಜಮಾನರು, ಸಂಡೂರಿನ ಶಾಲೆಯ ಮಾಸ್ತರರು, ನಾನು. ಎರಡು ತಿಂಗಳಿಗೊಮ್ಮೆ ಭಾನುವಾರ ಹಂಪಿಯ ಬಜಾರಿನ ಸಾಲುಮಂಟಪದಲ್ಲಿ ಸೇರುತ್ತಿದ್ದೆವು. ಚಿತ್ರಗಳನ್ನು ಕಲ್ಲಿನ ನೆಲದ ಮೇಲೆ ಹರಡಿ, ಗಾಳಿಗೆ ಹಾರದಂತೆ ಬೆಣಚುಕಲ್ಲು ಇಡುತ್ತಿದ್ದೆವು. ಕೂಟಕ್ಕೆ ಒಂದೇ ನಿಯಮ. ತನ್ನ ಚಿತ್ರದ ಮೇಲೆ ಮಾತು ನಡೆಯುವಾಗ ತೆಗೆದವನು ಬಾಯಿ ಬಿಡಬಾರದು. ವಿವರಣೆ ಕೊಡಬಾರದು, ನೆಪ ಹೇಳಬಾರದು. ಹಿರಿಯರು ತಪ್ಪು ಇದ್ದಲ್ಲಿ ಪೆನ್ಸಿಲ್ಲಿನಿಂದ ಚಿತ್ರದ ಮೇಲೆಯೇ ಗುರುತು ಹಾಕುತ್ತಾರೆ. ಅವನು ಅದನ್ನು ತಿದ್ದಿ ಮತ್ತೆ ತರಬೇಕು. ಯಾರೂ ಏನೂ ಹೇಳದ ಚಿತ್ರಕ್ಕೆ ಮಾತ್ರ ಕೂಟದ ಆಲ್ಬಮ್ಮಿನಲ್ಲಿ ಜಾಗ. ನಾನು ಸೇರಿ ಎರಡು ವರ್ಷವಾಗಿದ್ದರೂ ನನ್ನದೊಂದೂ ಆಲ್ಬಮ್ಮು ಸೇರಿರಲಿಲ್ಲ. ಗಿರಣಿಯವರ ಪಿಕಳಾರ ಹಕ್ಕಿಗಳ ಚಿತ್ರಗಳು ಆರು ಪುಟ ತುಂಬಿದ್ದವು. ಆ ಹೊಟ್ಟೆಯುರಿ ನನಗೆ ಊಟ ಸೇರದ ಮಟ್ಟಿಗೆ ಇತ್ತು, ಸುಳ್ಳೇಕೆ ಹೇಳಲಿ.

ಸೂರಕ್ಕಿಯ ಚಿತ್ರ ಹರಡಿದಾಗ ಮೂವರೂ ಹತ್ತಿರ ಸರಿದರು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಗೂಡಿನ ಬಾಯಿಗೆ ಬಿದ್ದ ಬೆಳಕನ್ನು ಬೆರಳಿನಿಂದ ತೋರಿಸಿ, ಮರಿಯ ಗಂಟಲಿನ ಒಳಗೂ ಬೆಳಕಿದೆ, ಇಂಥದ್ದನ್ನು ತಾವು ಸ್ಟುಡಿಯೋದಲ್ಲಿಯೂ ತರಲಾರೆವು ಎಂದರು. ಮಾಸ್ತರರು ತಲೆದೂಗಿದರು. ಆಗ ಗಿರಣಿಯವರು ಮುಂದಕ್ಕೆ ಬಾಗಿದರು.

"ಮೂಲ್ಯಾಗ ಯಾರ್ರಿ ಇದು? ಮನಿ ಕೆಲಸದಾಕಿ ಇಣುಕ್ಯಾಳೇನು?"

ಮಾಸ್ತರರು ನಕ್ಕರು. ಹಿರಿಯರು ನಗಲಿಲ್ಲ. ಚಿತ್ರ ನೋಡುವವನ ಕಣ್ಣು ಮೊದಲು ಮನುಷ್ಯರ ಮುಖಕ್ಕೆ ಹೋಗುತ್ತದೆ, ಅದರಲ್ಲೂ ಆ ಮೂಗುತಿಯ ಹೊಳಪಿಗೆ ಹೋಗುತ್ತದೆ, ಹಕ್ಕಿ ಎರಡನೆಯದಾಗುತ್ತದೆ ಎಂದು ಬಿಡಿಸಿ ಹೇಳಿದರು. ಅವರು ಹೇಳಿದ್ದು ಸರಿಯೇ ಇತ್ತು. ಪೆನ್ಸಿಲ್ಲು ತೆಗೆದು ಅವಳ ಹಣೆಯಿಂದ ಗಲ್ಲದವರೆಗೆ ಒಂದು ಗೆರೆ ಎಳೆದರು.

"ಬೆಳಕು ಭಾಳ ಛಲೋ ಐತ್ರಿ. ಈ ಮಾರಿ ಒಂದು ಹೋಗ್ಬೇಕು."

ನಿಯಮದ ಪ್ರಕಾರ ನಾನು ಬಾಯಿ ಬಿಡಲಿಲ್ಲ. ಇಷ್ಟಕ್ಕೇ ಮುಗಿದಿದ್ದರೆ ನನ್ನನ್ನು ನಾನು ಕ್ಷಮಿಸಿಕೊಳ್ಳುತ್ತಿದ್ದೆ. ಆದರೆ ಮಾತು ಮುಗಿದು, ನಿಯಮ ಸಡಿಲವಾಗಿ, ಬುತ್ತಿ ಬಿಚ್ಚಿದೆವು. ಅವಳು ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ ನಾಲ್ವರಿಗೂ ಸಾಕಾಗುವಷ್ಟಿತ್ತು. ಚಟ್ನಿ ಯಾರು ಮಾಡಿದ್ದು ಎಂದು ಗಿರಣಿಯವರೇ ಕೇಳಿದರು. ನಮ್ಮ ಮನೆಯಲ್ಲಿ ಮಾಡಿದ್ದು ಎಂದೆ. ಆ ಮುಖ ಅವಳದೇ, ಆ ಬೆಳಕೂ ಅವಳದೇ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಇರಲಿಲ್ಲ. ಹೇಳಲಿಲ್ಲ. ಹೇಳಿದರೆ ಗಿರಣಿಯವರಿಗೆ ಮುಜುಗರವಾದೀತು, ಕೂಟದಲ್ಲಿ ನನ್ನ ಮೇಲೆ ಅಸಮಾಧಾನ ಹುಟ್ಟೀತು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಕೆಲಸದವಳಂತೆ ಕಂಡವಳು ನನ್ನ ಹೆಂಡತಿ ಎನ್ನಲು ನನಗೆ ನಾಚಿಕೆಯಾಯಿತು. ಮತ್ತು ಬೆಳಕಿನ ಹೊಗಳಿಕೆ ನನಗೇ ಇರಲಿ ಅನ್ನಿಸಿತು.

ಮನೆಗೆ ಬಂದು, ಮುಖ ತೆಗೆಯಬೇಕಂತೆ ಎಂದಷ್ಟೇ ಹೇಳಿದೆ. ಗಿರಣಿಯವರ ಮಾತನ್ನು ನುಂಗಿಕೊಂಡೆ. ಅವಳಿಗೆ ಬೇಸರವಾದಂತೆ ಕಾಣಲಿಲ್ಲ, ಅಥವಾ ನಾನು ನೋಡಲಿಲ್ಲ.

"ಹಕ್ಕಿ ಚಿತ್ರದಾಗ ನನ್ನ ಮಾರಿ ಯಾಕ ಬೇಕು ಮಾಮಾ? ತಗದ್ಬಿಡು," ಎಂದಳು.

ಮುದ್ರಿಸುವಾಗ ಮೂಲೆಗೆ ಕಾಗದ ಮುಚ್ಚಿ ಮರೆಮಾಡಬಹುದಿತ್ತು. ಅದರ ಅಂಚು ಗೆರೆಯಾಗಿ ಕಾಣುತ್ತದೆ, ಹಿರಿಯರ ಕಣ್ಣಿಗೆ ಬೀಳುತ್ತದೆ ಎಂದು ಪ್ಲೇಟನ್ನೇ ಕೆರೆಯಲು ಕೂತೆ. ಗಾಜಿನ ಮೇಲಿನ ಲೇಪವನ್ನು ಕೆರೆದು ತೆಗೆದರೆ ಕಾಗದದ ಮೇಲೆ ಆ ಜಾಗ ಕಪ್ಪಾಗಿ ಬರುತ್ತದೆ. ಗಿಡದ ಕೆಳಗೆ ಕಪ್ಪು ಎಂದರೆ ನೆರಳು, ಯಾರಿಗೂ ಅನುಮಾನ ಬರುವುದಿಲ್ಲ. ಪ್ಲೇಟನ್ನು ಕಿಟಕಿಯ ಬೆಳಕಿಗೆ ಯಾರಾದರೂ ಅಲುಗಾಡದಂತೆ ಹಿಡಿಯಬೇಕಿತ್ತು. ಅವಳೇ ಹಿಡಿದಳು. ನಾನು ಕ್ಷೌರದ ಬ್ಲೇಡಿನ ಮೂಲೆಯಿಂದ ಸೆರಗು ಕೆರೆದೆ, ಹಣೆ ಕೆರೆದೆ, ಕೆನ್ನೆ ಕೆರೆದೆ. ಲೇಪದ ಸಣ್ಣ ಸಣ್ಣ ಪುಡಿ ಅವಳ ಮುಂಗೈ ಮೇಲೆ ಉದುರುತ್ತಿತ್ತು. ಮೂಗುತಿ ಒಂದನ್ನು ಬಿಟ್ಟರೆ ಎಲೆಯ ಮೇಲಿನ ಬಿಸಿಲೆಂದು ತಿಳಿದಾರು ಎಂದು ಅವಳು ಮೆಲ್ಲಗೆ ಹೇಳಿದಳು. ಹಿರಿಯರು ಹೆಸರೆತ್ತಿ ಹೇಳಿದ್ದೇ ಅದನ್ನು ಎಂದು ಗದರಿ ಅದನ್ನೂ ಕೆರೆದೆ. ಆಗಲೂ ಕೈ ನಡುಗಿಸಬೇಡ ಎಂದೆ.

ತಿದ್ದಿದ ಚಿತ್ರಕ್ಕೆ ಮುಂದಿನ ಕೂಟದಲ್ಲಿ ಯಾರೂ ಏನೂ ಹೇಳಲಿಲ್ಲ. ಆಲ್ಬಮ್ಮಿನಲ್ಲಿ ಒಂದು ಇಡೀ ಪುಟ ಸಿಕ್ಕಿತು. ನಾನು ಹಂಪಿಯಿಂದ ಜಟಕಾದಲ್ಲಿ ಹಾಡು ಗುನುಗುತ್ತ ಬಂದೆ. ಅವಳು ಹೋಳಿಗೆ ಮಾಡಿದ್ದಳು. ಇನ್ನು ಪ್ಲೇಟು ಬಂದ ಕೂಡಲೇ ನಿನ್ನದೊಂದು ಚಿತ್ರ ತೆಗೆಯುತ್ತೇನೆ, ಮದುವೆಯ ಸೀರೆ ಉಟ್ಟುಕೊಂಡು ಕೂತುಕೋ ಎಂದು ಆವತ್ತು ಉದಾರವಾಗಿ ಹೇಳಿದೆ. ಪ್ಲೇಟುಗಳು ಬಂದವು. ಅಷ್ಟರಲ್ಲಿ ದಾಸವಾಳದ ಗಿಡದಲ್ಲಿ ಟುವ್ವಿ ಹಕ್ಕಿ ಗೂಡಿಗಾಗಿ ಎಲೆ ಹೊಲಿಯತೊಡಗಿತ್ತು. ಪ್ಲೇಟುಗಳು ಅದಕ್ಕೆ ಹೋದವು. ಅವಳೇ ಕನ್ನಡಿ ಹಿಡಿದಳು.

ಪಂಚಮಿಗೆ ಅವಳು ಮೆಟ್ರಿಗೆ ಹೋಗಿ ಬಂದಳು. ಬಂದ ಹದಿನೈದು ದಿನಕ್ಕೆ ಚಳಿಜ್ವರ ಹಿಡಿಯಿತು. ಆ ವರ್ಷ ಊರಲ್ಲಿ ಮನೆಮನೆಗೂ ಇತ್ತು, ಬಿಟ್ಟುಹೋಗುತ್ತದೆ ಎಂದುಕೊಂಡೆವು. ಬಿಟ್ಟುಬಿಟ್ಟು ಬಂತು. ಕೊನೆಗೆ ತಲೆಗೇರಿತು. ಅಕ್ಕ ಮೆಟ್ರಿಯಿಂದ ಬಂದು ಮೂರು ದಿನ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾಲ್ಕನೆಯ ದಿನ ನನ್ನ ಹೆಂಡತಿಯನ್ನು, ನಮ್ಮವರ ಪದ್ಧತಿಯಂತೆ ಹಣೆಗೆ ವಿಭೂತಿ ಹಚ್ಚಿ, ಹೂವು ಮುಡಿಸಿ, ಕೂಡಿಸಿ ಮಣ್ಣು ಮಾಡಿದೆವು. ಅವಳಿಗೆ ಇಪ್ಪತ್ತೆರಡು ವರ್ಷ. ಆ ದಿನಗಳ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ದೀಪಾವಳಿ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರ ಪೂಜೆ. ತೀರಿಕೊಂಡವರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು, ಎಡೆ ಹಿಡಿಯುತ್ತೇವೆ. ಮುತ್ತೈದೆಯಾಗಿ ಹೋದವಳಿಗೆ ಹಸಿರು ಸೀರೆ, ಬಳೆ. ಈ ಸಲ ತಾನೇ ಸೀರೆ ತರುತ್ತೇನೆಂದು ಅಕ್ಕ ಹೇಳಿಕಳಿಸಿದಳು. ಜೊತೆಗೆ ಇನ್ನೊಂದು ಮಾತು. ಕಂಪ್ಲಿಯ ಕಡೆ ಉಳ್ಳವರ ಮನೆಗಳಲ್ಲಿ ಈಗ ಸೀರೆಯ ಜೊತೆ ಫೋಟೋ ಇಡುತ್ತಾರಂತೆ, ಮಗಳದೂ ಒಂದು ಇದೆಯಲ್ಲ, ಅದನ್ನು ತೆಗೆದಿಡು ಎಂದಿದ್ದಳು. ಪಂಚಮಿಗೆ ಹೋದಾಗ ಅವಳು ಅವ್ವನ ಎದುರು, ಹಕ್ಕಿಯ ಜೊತೆ ತನ್ನದೂ ಫೋಟೋ ಬಂದಿದೆ ಎಂದು ಹೇಳಿಕೊಂಡಿದ್ದಳು. ಕೆರೆದು ಮೂರು ತಿಂಗಳಾಗಿತ್ತು ಆಗ. ಕೆರೆದದ್ದನ್ನು ಹೇಳದೆ, ಬಂದಿದೆ ಎಂಬುದನ್ನು ಮಾತ್ರ ಹೇಳಿದ್ದಳು. ಅದನ್ನು ಕೇಳಿದ ಮೇಲೆ ನಾನು ಗೂಡ್ಸ್ ಶೆಡ್ಡಿನ ಮೂಟೆಗಳ ಮರೆಗೆ ಹೋಗಿ ಅತ್ತೆ.

ಬಳ್ಳಾರಿಯ ಸ್ಟುಡಿಯೋದ ಹಿರಿಯರು ಗೆರೆ ಎಳೆದ ಆ ಮೊದಲ ಪ್ರತಿ ನೆನಪಾಯಿತು. ಹೊಸಬರಿಗೆ ಪಾಠ ಹೇಳಲು, ತಿದ್ದುವ ಮೊದಲಿನದು ಮತ್ತು ತಿದ್ದಿದ ಮೇಲಿನದು ಎರಡನ್ನೂ ಅವರು ಇಟ್ಟುಕೊಳ್ಳುತ್ತಿದ್ದರು. ಅಮಾವಾಸ್ಯೆಯ ಹಿಂದಿನ ದಿನ ರಜೆ ಹಾಕಿ ಬಳ್ಳಾರಿಗೆ ಹೋದೆ. ಅದು ಯಾಕೆ ಬೇಕು ಎಂದು ಅವರು ಕೇಳಿದರು. ಹೇಳಿದೆ. ಅವರು ಕುರ್ಚಿ ಹಿಡಿದುಕೊಂಡು ಕೂತರು.

"ಅವತ್ತ ಒಂದು ಮಾತು ಹೇಳಿದ್ರ ಏನಾಗ್ತಿತ್ರಿ? ನಾವೇನು ರಾಕ್ಷಸರೇನು?"

ಕಪಾಟಿನಿಂದ ಚಿತ್ರ ತೆಗೆದರು. ಅವಳು ಹಾಗೆಯೇ ಇದ್ದಳು, ಮರಿಗಳ ಕಡೆ ಬಾಯಿ ತೆರೆದು ನೋಡುತ್ತ, ಮುಖದ ಮೇಲೆ ಒಂದು ಬೂದು ಗೆರೆ ಹೊತ್ತು. ಆ ಪೆನ್ಸಿಲ್ಲು ನಾವು ರೈಲ್ವೆಯವರು ರಸೀದಿ ಬರೆಯುವ ಜಾತಿಯದು. ಒಣಗಿದ್ದಾಗ ಬೂದು, ನೀರು ತಾಗಿದರೆ ನೇರಳೆಯಾಗಿ ಹರಡಿ ಎಂದಿಗೂ ಹೋಗದು. ಹಿರಿಯರು, ನೀರು ಸೋಕಿಸಬೇಡಿ, ಎಂಟು ದಿನ ಇಲ್ಲೇ ಬಿಡಿ, ಇದರ ಫೋಟೋ ತೆಗೆದು ಗೆರೆಯನ್ನು ಕುಂಚದಿಂದ ತುಂಬಿ, ಮುಖ ದೊಡ್ಡದು ಮಾಡಿ ಕೊಡುತ್ತೇನೆ ಎಂದರು. ನಾಳೆ ಎಡೆಗೆ ಬೇಕು, ಅಕ್ಕ ಬರುತ್ತಾಳೆ, ಮುಗಿದ ಮೇಲೆ ನಾನೇ ತಂದುಕೊಡುತ್ತೇನೆ ಎಂದೆ. ಅವರು ಎರಡು ರಟ್ಟಿನ ನಡುವೆ ಇಟ್ಟು, ದಾರ ಸುತ್ತಿ ಕೊಟ್ಟರು.

ಮರುದಿನ ಬೆಳಗ್ಗೆ ಅಕ್ಕ ಬಂಡಿಯಿಂದ ಇಳಿದವಳು ಕಾಲು ತೊಳೆಯುವ ಮೊದಲೇ ಚಿತ್ರ ಕೇಳಿದಳು. ಪಡಸಾಲೆಯಲ್ಲಿ ಬಾಗಿಲ ಬೆಳಕಿಗೆ ಕೂತು ರಟ್ಟು ಬಿಚ್ಚಿ ಕೊಟ್ಟೆ. ಹಕ್ಕಿಯನ್ನು ಅವಳು ನೋಡಲೇ ಇಲ್ಲ. ಅವಳ ದೃಷ್ಟಿ ನೇರವಾಗಿ ಚಿತ್ರದ ಮೂಲೆಗೆ ಹೋಯಿತು. ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಸಣ್ಣವಳಿದ್ದಾಗಲೂ ಹೀಗೇ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು ಎಂದಳು.

"ಮಾರಿ ಮ್ಯಾಲೆ ಇದೇನೋ ತಮ್ಮಾ?"

ಗೆರೆ ಯಾರದು, ಯಾಕೆ ಎಳೆದರು ಎಂದು ಹೇಳಬೇಕಾಗುತ್ತದಲ್ಲ ಎಂದು ನನ್ನ ನಾಲಿಗೆ ತಾನಾಗಿಯೇ ಹಾದಿ ತಪ್ಪಿತು.

"ಏನೋ ಹೊಲಸು ಹತ್ತೇತಿ ಅಕ್ಕಾ," ಎಂದೆ.

ಹೊಲಸು ಎಂದ ಮೇಲೆ ತಾಯಿ ಏನು ಮಾಡುತ್ತಾಳೆ? ಶಾಲೆಗೆ ಹೊರಟ ಮಗುವಿನ ಕೆನ್ನೆಯ ಹಾಲಿನ ಕಲೆ ಒರೆಸುವ ಹಾಗೆ, ಸೆರಗಿನ ತುದಿಯನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು ಮಗಳ ಮುಖವನ್ನು ಒರೆಸಿದಳು. ನಾನು ಬ್ಯಾಡ ಎನ್ನುವಷ್ಟರಲ್ಲಿ ಎರಡು ಸಲ ಒರೆಸಿ ಆಗಿತ್ತು. ಗೆರೆ ನೇರಳೆಯಾಗಿ ಹರಡಿತು. ಹೋಗಲಿಲ್ಲವೆಂದು ಅವಳು ಇನ್ನೂ ಒತ್ತಿ ಒರೆಸಿದಳು. ಹಣೆ ಹೋಯಿತು, ಕಣ್ಣು ಹೋದವು, ಬಾಯಿ ಹೋಯಿತು. ಮೂಲೆಯಲ್ಲಿ ಹೆಬ್ಬೆರಳು ಒತ್ತಿದಷ್ಟು ನೇರಳೆ ಕಲೆ ಉಳಿಯಿತು. ಅಕ್ಕನ ಸೆರಗಿನಲ್ಲಿಯೂ ಅಷ್ಟೇ ದೊಡ್ಡ ಕಲೆ.

ಅವಳು ತನ್ನ ಕೈಯನ್ನು ನೋಡಿದಳು, ನನ್ನನ್ನು ನೋಡಿದಳು. ತಾನೇ ಕೈಯಾರೆ ಅಳಿಸಿಬಿಟ್ಟೆನೆಂದು ಹಣೆ ಹಣೆ ಬಡಿದುಕೊಂಡಳು. ಆ ಕೈಗಳನ್ನು ಹಿಡಿದುಕೊಂಡೆ. ಅವಳು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದ ಆ ತಪ್ಪನ್ನು ನೋಡಲಾಗಲಿಲ್ಲ. ನಿನ್ನದೇನೂ ತಪ್ಪಿಲ್ಲ ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಗೆರೆ ಹೇಗೆ ಬಂತು ಎಂದು ಹೇಳಿದೆ. ಪ್ಲೇಟು ಕೆರೆದದ್ದು, ಅವಳ ಮಗಳೇ ಅದನ್ನು ಹಿಡಿದಿದ್ದು, ಮೂಗುತಿ ಬಿಡು ಎಂದದ್ದು ಹೇಳಿದೆ. ಗಿರಣಿಯವರು ಕೆಲಸದಾಕಿ ಎಂದದ್ದು, ನಾನು ರೊಟ್ಟಿ ತಿನ್ನುತ್ತ ಸುಮ್ಮನೆ ಕೂತದ್ದು, ಅದನ್ನೂ ಬಿಡಲಿಲ್ಲ. ಜೀವನದಲ್ಲಿ ಮೊದಲ ಸಲ ಬಾಯಿ ಬಿಟ್ಟವನಂತೆ ಹೇಳಿದೆ. ಹೇಳುತ್ತ ಹೇಳುತ್ತ ನನಗೆ ಎಷ್ಟೋ ನಿರಾಳವಾಗುತ್ತಿತ್ತು, ಅದೇ ನನ್ನ ನೀಚತನ.

ಅಕ್ಕ ಅಳು ನಿಲ್ಲಿಸಿ ಕೇಳಿದಳು.

"ಕೆಲಸದಾಕಿ ಅಂದಾಗ ನೀ ಸುಮ್ನ ಕುಂತಿದ್ದು ಆಕಿಗೆ ಗೊತ್ತಿತ್ತೇನು?"

ಇಲ್ಲ, ಹೇಳಿರಲಿಲ್ಲ ಎಂದೆ.

"ಆಕಿಗೆ ಹೇಳಲಾರದ್ದನ್ನ ನನಗ್ಯಾಕ ಹೇಳಿದ್ಯೋ ತಮ್ಮಾ?"

ಅವಳು ಎದ್ದು ಹೋಗಿ ಕಾಲು ತೊಳೆದಳು. ಕಲಶ ಇಟ್ಟಳು, ತಂದಿದ್ದ ಹಸಿರು ಸೀರೆ, ಬಳೆ ಇಟ್ಟಳು, ಎಡೆ ಹಿಡಿದಳು. ತಾನು ಊಟಕ್ಕೆ ಕೂರಲಿಲ್ಲ. ಮಧ್ಯಾಹ್ನಕ್ಕೇ ಬಂಡಿ ಹೂಡಿಸಿಕೊಂಡು ಹೊರಟಳು. ಅವಳು ಇನ್ನೂ ಹದಿನಾರು ವರ್ಷ ಬದುಕಿದ್ದಳು. ನಾನು ಮೆಟ್ರಿಗೆ ಹೋದಾಗಲೆಲ್ಲ ಬಿಸಿ ರೊಟ್ಟಿ ಮಾಡಿ ಊಟಕ್ಕೆ ಹಾಕುತ್ತಿದ್ದಳು, ಮಳೆ ಬೆಳೆ ಮಾತಾಡುತ್ತಿದ್ದಳು. ಮಗಳ ಮಾತನ್ನು ಮಾತ್ರ ನನ್ನ ಎದುರಿಗೆ ಮತ್ತೆ ಎತ್ತಲಿಲ್ಲ.